ಕವರಿಗಿಂತ ಮೊದಲು ಒಂದು ಕಾರ್ಡು: ಅಡಿಕೆ ಬೆಳೆಗಾರರಿಂದ ಉತ್ತರ ತರಿಸಿಕೊಂಡ ಎರಡು ವರ್ಷ

ನನ್ನ ಪಿಎಚ್‌ಡಿಗೆ ಅಂತ ಅಂಚೆಯಲ್ಲಿ ಕಳಿಸಿದ್ದ ಪ್ರಶ್ನಾವಳಿಗೆ ಉತ್ತರ ತಂದ ಕೊನೆಯ ಕವರ್ ಕಳೆದ ವಾರ ಬಂತು. ಹಳದಿ ಕವರ್. ಒಂದು ಮೂಲೆಯಲ್ಲಿ ಅಡಿಕೆ ಬೇಯಿಸಿದ ಚೊಗರಿನ ಕಲೆ. ಕೊಯ್ಲಿನ ಗಡಿಬಿಡಿಯಲ್ಲೂ ಯಾರೋ ಕೂತು ತುಂಬಿ, ಅಂಟಿಸಿ, ಪೋಸ್ಟ್ ಡಬ್ಬಿಗೆ ಹಾಕಿದ್ದಾರೆ. ಅದರ ಮೇಲೆ ನಂಬರ್ ಬರೆದು ಪೆಟ್ಟಿಗೆಗೆ ಇಟ್ಟಾಗ ಕಣ್ಣು ತುಂಬಿ ಬಂತು. ಯಾಕಂದರೆ 2024ರಲ್ಲಿ ಇದೇ ಕೆಲಸ ನನ್ನ ಕೈಯಲ್ಲಿ ಆಗಲ್ಲ ಅಂತ ಬಿಡುವುದಕ್ಕೆ ಹೊರಟಿದ್ದೆ.

ಪ್ರಶ್ನಾವಳಿ ಕಳಿಸಿ ಉತ್ತರಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರು ಪ್ರತಿ ವಿಭಾಗದಲ್ಲೂ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನನ್ನ ವಿಷಯ ಎಲೆಚುಕ್ಕೆ ರೋಗ. ಈ ರೋಗ ಹರಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರಿಗೆ ಔಷಧಿಗೆ, ಆಳಿಗೆ, ದೋಟಿಗೆ (ಮರಕ್ಕೆ ಔಷಧಿ ಹೊಡೆಯುವ ಉದ್ದನೆಯ ಕೋಲು) ಎಷ್ಟು ಖರ್ಚು ಜಾಸ್ತಿ ಆಗಿದೆ, ಯಾರು ತೋಟವನ್ನೇ ಬಿಡುವ ಯೋಚನೆಯಲ್ಲಿದ್ದಾರೆ ಅನ್ನುವುದು ನನ್ನ ಪ್ರಶ್ನೆ. ನಾಲ್ಕು ಸೊಸೈಟಿಗಳ ಸದಸ್ಯರಲ್ಲಿ ಒಂದೊಂದರಿಂದ 60 ಮನೆ, ಒಟ್ಟು 240. ಒಂದೇ ಮನೆಗಳನ್ನು ಎರಡು ವರ್ಷ, ಎರಡು ಸಲ ಕೇಳಬೇಕು.

ಮನೆಮನೆಗೆ ಹೋಗಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮಲೆನಾಡು ನೋಡಿದವರಿಗೆ ಗೊತ್ತು. ಒಂದು ಗುಡ್ಡಕ್ಕೆ ಒಂದು ಮನೆ. ಬಸ್ ಇಳಿದು ಎರಡು ಮೂರು ಕಿಲೋಮೀಟರ್ ನಡೆದರೆ ಒಂದು ಅಂಗಳ ಸಿಗುತ್ತದೆ. ಅಲ್ಲಿ ಯಜಮಾನರು ತೋಟಕ್ಕೆ ಹೋಗಿರುತ್ತಾರೆ. ಇಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್, ಹಾಗಾಗಿ ಶಕ್ತಿ ಯೋಜನೆಯ ಉಚಿತ ಟಿಕೆಟ್ಟೂ ಕೆಲಸಕ್ಕೆ ಬರಲಿಲ್ಲ. ದಿನಕ್ಕೆ ಮೂರು ಮನೆಗಿಂತ ಜಾಸ್ತಿ ಆಗಲ್ಲ ಅಂತ ಲೆಕ್ಕ ಹಾಕಿ, ಗೈಡ್ ಮೇಡಂ ಹತ್ತಿರ ಮಾತಾಡಿ, ಅಂಚೆಯಲ್ಲಿ ಕಳಿಸುವುದು ಅಂತ ತೀರ್ಮಾನಿಸಿದೆವು.

2024ರ ಜುಲೈನಲ್ಲಿ ಪರೀಕ್ಷೆಗೆ ಅಂತ 60 ಕವರ್ ಕಳಿಸಿದೆ. ಇವು ಆ 240ರ ಪಟ್ಟಿಯ ಹೊರಗಿನ ಮನೆಗಳು. 42 ಪ್ರಶ್ನೆ, ನಾಲ್ಕು ಹಾಳೆ, ಒಪ್ಪಿಗೆ ಪತ್ರ ಒಂದು, ಒಳಗೆ ಸ್ಟ್ಯಾಂಪ್ ಹಚ್ಚಿದ ವಾಪಸ್ ಕವರ್. 20 ಗ್ರಾಂ ಒಳಗಿದ್ದರೆ 5 ರೂಪಾಯಿ, ದಾಟಿದರೆ 10. ನನ್ನದು ದಾಟಿತು, ಹೋಗುವಾಗಲೂ ಬರುವಾಗಲೂ. ಸ್ಟ್ಯಾಂಪಿಗೇ 1200 ರೂಪಾಯಿ ಆಯ್ತು.

ಮೂರು ವಾರ ಕಾದೆ. ದಿನಾ ಮಧ್ಯಾಹ್ನ ವಿಭಾಗದ ಆಫೀಸಿಗೆ ಹೋಗಿ ಟಪಾಲು ಬಂತಾ ಅಂತ ಕೇಳುವುದು, ಅಲ್ಲಿನ ಅಣ್ಣ ತಲೆ ಅಲ್ಲಾಡಿಸುವುದು. ಕೊನೆಗೆ ಬಂದದ್ದು ಏಳು. ಅದರಲ್ಲಿ ಎರಡು ಖಾಲಿ. ಐದು ಕವರ್ ವಿಳಾಸ ಸಿಗದೆ ಹಾಗೇ ವಾಪಸ್ ಬಂದಿದ್ದವು. ಉಳಿದ 48 ಎಲ್ಲಿ ಹೋದವು ಅನ್ನುವ ಸುಳಿವೇ ಇಲ್ಲ.

ಆಗ ಆದ ಬೇಜಾರು ಹೇಳತೀರದು. ಪ್ರಶ್ನೆ ಸರಿ ಇಲ್ವಾ, ಜನಕ್ಕೆ ಈ ರೋಗದ ಚಿಂತೆಯೇ ಇಲ್ವಾ ಅಂತೆಲ್ಲ ಅನಿಸಿತು. ಚಿಂತೆ ಇಲ್ಲದೆ ಇರುತ್ತಾ? ತೋಟ ತೋಟವೇ ಹಳದಿ ಆಗಿ ಸೋಗೆ ಒಣಗುತ್ತಿತ್ತು.

ಕಾರಣ ತಿಳಿದದ್ದು ಆಗಸ್ಟ್ ಮೊದಲ ವಾರ. ಕವರ್ ಹೋಗಿದ್ದ ಒಂದು ಊರಿಗೆ ಬೇರೆ ಕೆಲಸದ ಮೇಲೆ ಹೋಗಿದ್ದೆ. ಬಸ್ ಸ್ಟಾಪಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಹೀಗೊಂದು ಕವರ್ ಬಂದಿತ್ತಾ ಅಂತ ಕೇಳಿದೆ. ಅಂಗಡಿಯವರು ಡಬ್ಬಿಗಳ ಹಿಂದಿನಿಂದ ನನ್ನ ಕವರುಗಳನ್ನೇ ತೆಗೆದರು. ಮೂರು ಇದ್ದವು. ಪೋಸ್ಟಿನವರು ಅಲ್ಲಿ ಕೊಟ್ಟು ಹೋಗುತ್ತಾರೆ, ಆಚೀಚೆ ಮನೆಯವರು ಬಂದಾಗ ಒಯ್ಯುತ್ತಾರೆ. ಒಯ್ಯುವುದಕ್ಕೆ ಬಂದವರು ಕವರಿನ ಮೇಲಿದ್ದ ಒಂದು ಪದ ಓದಿ ಅಲ್ಲೇ ಬಿಟ್ಟು ಹೋಗಿದ್ದರು. ಆ ಪದ ‘ಸರ್ವೆ’.

‘ಅಲ್ಲ ತಂಗಿ, ಈಗ ಸರ್ವೆ ಅಂದ್ರೆ ಯಾರು ಕವರ್ ಒಡೀತಾರೆ? ಕಸ್ತೂರಿರಂಗನ್‌ದೋ, ಒತ್ತುವರಿದೋ ಅಂತ ಹೆದ್ರಿಕೆ’ ಅಂದರು.

ಹೌದಲ್ಲ ಅನಿಸಿತು. ಜುಲೈ 30ಕ್ಕೆ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು. ಮರುದಿನವೇ, ಕಸ್ತೂರಿರಂಗನ್ ವರದಿ ಆಧರಿಸಿದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮತ್ತೆ ಬಂದಿತ್ತು. ಒತ್ತುವರಿ ತೆರವಿನ ಮಾತು ಎಲ್ಲ ಪೇಪರಿನಲ್ಲಿ. ನಮ್ಮ ಕಡೆ ಸರ್ವೆ ಅಂದರೆ ಜಮೀನು ಅಳೆಯುವುದು. ನನ್ನ ಪ್ರಶ್ನಾವಳಿಯ ಎರಡನೇ ಪ್ರಶ್ನೆಯೇ ‘ಒಟ್ಟು ತೋಟ ಎಷ್ಟು ಎಕರೆ?’ ಪಹಣಿಯಲ್ಲಿ ಒಂದು ಎಕರೆ ಇದ್ದು, ತೋಟ ಒಂದೂವರೆ ಎಕರೆಗೆ ಬೆಳೆದಿರುವವರು ಇದನ್ನು ಗುರುತಿಲ್ಲದ ಹುಡುಗಿಗೆ ಬರೆದು ಕಳಿಸುತ್ತಾರಾ? ಅದೂ ಔಷಧಿ ಹೊಡೆಯುವ ಸಮಯದಲ್ಲಿ, ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಸಾಕು ಅಂತ ಬೋರ್ಡೋ ದ್ರಾವಣ ಕಲಸಿಟ್ಟುಕೊಂಡು ಆಕಾಶ ನೋಡುತ್ತಿರುವಾಗ?

ಅವತ್ತೇ ಮೂರು ವಿಷಯ ಬರೆದಿಟ್ಟುಕೊಂಡೆ. ‘ಸರ್ವೆ’ ಪದ ಬೇಡ. ಎಕರೆ ಕೇಳಬಾರದು, ಫಸಲು ಕೊಡುವ ಮರ ಎಷ್ಟು ಅಂತ ಕೇಳಬೇಕು. ಮೂರನೆಯದು, ಕವರ್ ಹೋಗುವ ಮೊದಲು ನಾನು ಯಾರು ಅಂತ ಗೊತ್ತಾಗಿರಬೇಕು.

ಮೂರನೆಯದನ್ನು ಗೈಡ್ ಮೇಡಂಗೆ ಹೇಳಿದಾಗ ಅವರು ಓದುವುದಕ್ಕೆ ಎರಡು ವಿಷಯ ಕೊಟ್ಟರು. ಒಂದು ಅಮೆರಿಕದ ಡಾನ್ ಡಿಲ್ಮನ್ ಅವರ ಕ್ರಮ. ಅವರು 1978ರಿಂದಲೂ ಅಂಚೆ ಪ್ರಶ್ನಾವಳಿ ಹೇಗೆ ಕಳಿಸಬೇಕು ಅಂತ ಹೇಳುತ್ತಾ ಬಂದವರು. ಪ್ರಶ್ನಾವಳಿ ಹೋಗುವ ಕೆಲವು ದಿನ ಮೊದಲು ಒಂದು ಚಿಕ್ಕ ಪತ್ರ ತಲುಪಬೇಕು ಅನ್ನುವುದು ಅವರ ಸಲಹೆಗಳಲ್ಲಿ ಒಂದು. ಇನ್ನೊಂದು 2002ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ಲೇಖನ. 292 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಮೊದಲೇ ಸಂಪರ್ಕ ಮಾಡಿದರೆ ಉತ್ತರ ಬರುವ ‘ಆಡ್ಸ್’ (ಉತ್ತರಿಸದ ಒಬ್ಬರಿಗೆ ಉತ್ತರಿಸುವವರು ಎಷ್ಟು ಅನ್ನುವ ಅನುಪಾತ) 1.54 ಪಟ್ಟು. ಆಮೇಲೆ ನೆನಪು ಮಾಡಿದರೆ 1.41. ಪ್ರಶ್ನಾವಳಿ ಚಿಕ್ಕದಾದರೆ 1.86. ಒಂದು ಎಚ್ಚರಿಕೆ: 1.54 ಅಂದರೆ ನೂರಕ್ಕೆ 54 ಜನ ಜಾಸ್ತಿ ಉತ್ತರಿಸುತ್ತಾರೆ ಅಂತ ಅಲ್ಲ. ಸುಮ್ಮನಿದ್ದರೆ 40 ಜನ ಉತ್ತರಿಸುವ ಕಡೆ, ಈ ಲೆಕ್ಕದಲ್ಲಿ ಸುಮಾರು 51 ಜನ ಉತ್ತರಿಸುತ್ತಾರೆ. ನಾನೂ ಮೊದಲು ತಪ್ಪು ಓದಿದ್ದೆ, ಮೇಡಂ ತಿದ್ದಿದರು.

ಅದೇ ಲೇಖನದಲ್ಲಿ ರಿಜಿಸ್ಟರ್ ಥರದ ಅಂಚೆಯಲ್ಲಿ ಕಳಿಸಿದರೆ ಆಡ್ಸ್ ಎರಡು ಪಟ್ಟಿಗಿಂತ ಹೆಚ್ಚು ಅಂತಲೂ ಇದೆ. ಅದನ್ನು ನಾನು ಬಿಟ್ಟೆ. ನಮ್ಮ ಊರುಗಳಲ್ಲಿ ರಿಜಿಸ್ಟರ್ ಅಂದರೆ ಬ್ಯಾಂಕಿನ ನೋಟಿಸೋ ಕೋರ್ಟಿನದೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಸಹಿ ಹಾಕಿ ತೆಗೆದುಕೊಳ್ಳುವುದಕ್ಕೇ ಹೆದರುತ್ತಾರೆ. ಬೇರೆ ದೇಶದಲ್ಲಿ ನಡೆದದ್ದನ್ನು ಓದಿ, ಇಲ್ಲಿಯ ನಾಲ್ಕು ಜನರನ್ನು ಕೇಳಿ, ಆಮೇಲೆ ತೀರ್ಮಾನಿಸಿ.

ಕಾರ್ಡು ಬರೆಯುವ ಹುರುಪಿನಲ್ಲಿದ್ದಾಗ ಮೊದಲ ತಡೆ ಬಂತು. ಪಾಲ್ಗೊಳ್ಳುವವರ ಕೈಗೆ ಹೋಗುವ ಯಾವ ಕಾಗದವೇ ಆಗಲಿ, ಸಂಶೋಧನೆಯಿಂದ ಅವರಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವ ನೈತಿಕತಾ ಸಮಿತಿ ನೋಡಿ ಒಪ್ಪಬೇಕು. ಮುಂಚಿತವಾಗಿ ಕಳಿಸುವ ನಾಲ್ಕು ಸಾಲಿನ ಕಾರ್ಡೂ ಅದರಲ್ಲಿ ಸೇರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ತಿದ್ದುಪಡಿ ಅರ್ಜಿ, ಬದಲಾದ ಪ್ರಶ್ನಾವಳಿ, ಕಾರ್ಡಿನ ಒಕ್ಕಣೆ, ಅದರ ಇಂಗ್ಲಿಷ್ ಅನುವಾದ, ಗೈಡ್ ಸಹಿ ಎಲ್ಲ ಸೇರಿಸಿ ಕೊಟ್ಟೆ. ಸಮಿತಿ ಸೇರುವುದು ತಿಂಗಳಿಗೊಮ್ಮೆ. ಐದು ವಾರ ಹೋಯಿತು. ನೀವು ಈಗ ಅರ್ಜಿ ಬರೆಯುತ್ತಿದ್ದರೆ ಮುನ್ಸೂಚನೆ ಕಾರ್ಡು, ನೆನಪಿನ ಕಾರ್ಡು, ಫೋನಿನಲ್ಲಿ ಏನು ಹೇಳುತ್ತೀರಿ ಅನ್ನುವ ಮಾತು, ಧನ್ಯವಾದ ಪತ್ರ, ಎಲ್ಲವನ್ನೂ ಮೊದಲ ಸಲವೇ ಹಾಕಿಬಿಡಿ. ಆ ಐದು ವಾರ ನಿಮಗೆ ಉಳಿಯುತ್ತದೆ.

ಎರಡನೇ ತಡೆ ಸೊಸೈಟಿಗಳಲ್ಲಿ. ಸದಸ್ಯರ ಹೆಸರು, ಊರು ಕೊಡಲು ಆಡಳಿತ ಮಂಡಳಿಯ ಠರಾವು ಬೇಕು ಅಂದರು. ಫೋನ್ ನಂಬರ್ ಕೊಡುವುದೇ ಇಲ್ಲ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರದೇ ಸರಿ. ನಮ್ಮ ಅಪ್ಪನ ನಂಬರನ್ನು ಯಾರೋ ಹೀಗೆ ಕೇಳಿ ಒಯ್ದರೆ ನಾನು ಒಪ್ಪುತ್ತೇನಾ? ಆದರೆ ಒಬ್ಬ ಕಾರ್ಯದರ್ಶಿಯವರು ಬೇರೆ ದಾರಿ ತೋರಿಸಿದರು. ‘ಸೆಪ್ಟೆಂಬರ್ 25ರೊಳಗೆ ಮಹಾಸಭೆ ಆಗ್ಲೇಬೇಕಲ್ಲಮ್ಮ. ಅವತ್ತು ಬಂದು ಐದು ನಿಮಿಷ ಮಾತಾಡಿ. ನಂಬರ್ ಯಾಕೆ, ಜನವೇ ಸಿಕ್ತಾರೆ.’

ಈ ಒಂದು ಮಾತು ನನ್ನ ಕೆಲಸ ಉಳಿಸಿತು. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಅವತ್ತು ಊಟ ಇರುತ್ತದೆ, ಡಿವಿಡೆಂಡ್ ಮಾತು ಇರುತ್ತದೆ, ದೂರದ ಮನೆಯವರೂ ಬರುತ್ತಾರೆ. ಹಳ್ಳಿಯವರನ್ನು ಕೇಳಬೇಕಾದ ಅಧ್ಯಯನ ನಿಮ್ಮದಾದರೆ ಸೊಸೈಟಿಯ ಈ ಸಭೆ, ಹಾಲಿನ ಡೇರಿ ಸಭೆ, ಗ್ರಾಮಸಭೆಗಳ ದಿನ ನೋಡಿಟ್ಟುಕೊಂಡು ನಿಮ್ಮ ಕ್ಯಾಲೆಂಡರ್ ಮಾಡಿ. ನಾನು ವಿಶ್ವವಿದ್ಯಾಲಯದ ಕ್ಯಾಲೆಂಡರ್ ನೋಡಿ ಜುಲೈ ಅಂತ ಇಟ್ಟುಕೊಂಡಿದ್ದೆ.

ಮತ್ತೆ ಕಾರ್ಡಿನ ಕಥೆ. ಪೋಸ್ಟ್ ಕಾರ್ಡ್ 50 ಪೈಸೆ. 240ಕ್ಕೆ 120 ರೂಪಾಯಿ. ಪ್ರಿಂಟ್ ಹಾಕಿಸಿಬಿಡೋಣ ಅಂತ ಹೊರಟಾಗ ಅಂಚೆ ಕೌಂಟರಿನ ಅಕ್ಕ ತಡೆದರು. ಕೈಯಲ್ಲಿ ಬರೆದರೆ 50 ಪೈಸೆ, ಒಕ್ಕಣೆ ಅಚ್ಚು ಹಾಕಿಸಿದರೆ ಅದು ಪ್ರಿಂಟೆಡ್ ಕಾರ್ಡ್, ಅದಕ್ಕೆ 6 ರೂಪಾಯಿ. 240 ಕಾರ್ಡಿಗೆ 1440. ನನ್ನ ಹತ್ತಿರ ಅಷ್ಟು ಇರಲಿಲ್ಲ ಅಂತಲ್ಲ, ಮುಂದೆ ಕವರಿಗೆ ಬೇಕಿತ್ತು. ಕೈಯಲ್ಲೇ ಬರೆಯೋಣ ಅಂದುಕೊಂಡೆ. ದಿನಕ್ಕೆ 40ರಂತೆ ಆರು ರಾತ್ರಿ. ಮೂರನೇ ರಾತ್ರಿಗೆ ಹೆಬ್ಬೆರಳು ಊದಿತು. ರೂಮಿನ ಗೆಳತಿ ವಿಳಾಸ ಬರೆದುಕೊಟ್ಟಳು, ಒಕ್ಕಣೆ ಮಾತ್ರ ಎಲ್ಲ ನನ್ನದೇ ಕೈ.

ಬರೆದದ್ದು ಇಷ್ಟು:

‘ನಮಸ್ಕಾರ. ನಾನು ಅಡಿಕೆ ಎಲೆಚುಕ್ಕೆ ರೋಗದ ಖರ್ಚಿನ ಬಗ್ಗೆ ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿನಿ. ಇನ್ನೊಂದು ವಾರಕ್ಕೆ ನಿಮಗೆ ಒಂದು ಹಳದಿ ಕವರ್ ಬರುತ್ತದೆ. ಅದರಲ್ಲಿ 24 ಪ್ರಶ್ನೆ ಇವೆ. ಜಮೀನಿನ ಸರ್ವೆ ನಂಬರ್, ಎಕರೆ, ಆಧಾರ್, ಬ್ಯಾಂಕ್ ವಿವರ ಕೇಳಿಲ್ಲ. ನಿಮ್ಮ ಸೊಸೈಟಿ ಕಾರ್ಯದರ್ಶಿಯವರಿಗೆ ಈ ವಿಷಯ ಗೊತ್ತು, ಅವರನ್ನು ಕೇಳಬಹುದು. ನನ್ನನ್ನು ಕೇಳುವುದಾದರೆ ಸಂಜೆ 7ರ ಮೇಲೆ ಈ ನಂಬರಿಗೆ ಫೋನ್ ಮಾಡಿ. ಇಷ್ಟ ಇಲ್ಲದಿದ್ದರೆ ತುಂಬಬೇಕಾಗಿಲ್ಲ.’

ಕೊನೆಗೆ ಸಹಿ, ವಿಭಾಗದ ವಿಳಾಸ. ನಂಬರಿಗೆ ಬೇರೆ ಸಿಮ್ ತೆಗೆದುಕೊಂಡೆ. ಹೆಣ್ಣುಮಕ್ಕಳು ಖಂಡಿತ ಹಾಗೇ ಮಾಡಿ, ಸ್ವಂತ ನಂಬರ್ ಹಾಕಬೇಡಿ.

‘ಇಷ್ಟ ಇಲ್ಲದಿದ್ದರೆ ತುಂಬಬೇಕಾಗಿಲ್ಲ’ ಅನ್ನುವ ಸಾಲು ಬೇಕಾ ಅಂತ ವಿಭಾಗದಲ್ಲಿ ಕೆಲವರು ಕೇಳಿದರು. ಮೊದಲೇ ಬಿಡುವ ದಾರಿ ತೋರಿಸಿದರೆ ಬಿಟ್ಟೇ ಬಿಡುತ್ತಾರೆ ಅನ್ನುವುದು ಅವರ ಮಾತು. ನಾನು ಹಾಕಿದೆ. ಮೊದಲೇ ತಿಳಿಸುವುದು ಅಂದರೆ ಒತ್ತಾಯಕ್ಕೆ ತಯಾರಿ ಮಾಡುವುದಲ್ಲ. ಅವರಿಗೆ ಯೋಚಿಸಲು, ಮನೆಯವರನ್ನು ಕೇಳಲು, ಬೇಡ ಅನ್ನಲು ಒಂದು ವಾರ ಕೊಡುವುದು.

ಒಪ್ಪಿಗೆ ಸಿಕ್ಕಾಗ ಗಣೇಶ ಹಬ್ಬ ಮುಗಿದಿತ್ತು. ಸೆಪ್ಟೆಂಬರ್ 11ಕ್ಕೆ ಕಾರ್ಡು ಹಾಕಿದೆ, 18ಕ್ಕೆ ಕವರ್. ನಡುವಿನ ವಾರ ಮತ್ತು ಅದರ ಆಚೀಚೆ ನಾಲ್ಕೂ ಸೊಸೈಟಿಗಳ ಮಹಾಸಭೆಗೆ ಹೋಗಿ ಬಂದೆ. ಮೊದಲ ಸಭೆಯಲ್ಲಿ ಮೈಕ್ ಹಿಡಿದ ಕೈ ನಡುಗುತ್ತಿತ್ತು. ರೋಗದ ಬಗ್ಗೆ ಹೇಳುವುದಕ್ಕೆ ಹೊರಟರೆ ಅವರಿಗೆ ನನಗಿಂತ ಹತ್ತು ಪಟ್ಟು ಗೊತ್ತು. ಅದಕ್ಕೆ ಒಂದು ಕಾರ್ಡು, ಒಂದು ಹಳದಿ ಕವರ್ ಎತ್ತಿ ತೋರಿಸಿದೆ. ‘ಇದು ಬರುತ್ತೆ, ಆಮೇಲೆ ಇದು ಬರುತ್ತೆ, ಕಳಿಸಿದವಳು ನಾನೇ’ ಅಂದೆ. ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು: ‘ಬರೆದುಕೊಂಡು ಹೋಗ್ತೀರಿ. ಆಮೇಲೆ ಏನಾಯ್ತು ಅಂತ ಒಬ್ಬರೂ ಬಂದು ಹೇಳಲ್ಲ. ನೀನು ಹೇಳ್ತೀಯಾ?’ ಹೇಳುತ್ತೇನೆ ಅಂದೆ. ಎಲ್ಲರ ಎದುರಿಗೆ ಅಂದೆ.

ಆ ವಾರ ಸಂಜೆ ಬಂದ ಫೋನುಗಳು 31. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಕಾರ್ಡು ಓದಿ ಸುಮ್ಮನೆ ಇಡುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ, ‘ನೀನು ಯಾವ ಊರಿನ ಹುಡುಗಿ, ಯಾರ ಮನೆ?’ ನಮ್ಮ ಊರು ಹೇಳಿದರೆ, ಅಲ್ಲಿ ಇಂಥವರು ಗೊತ್ತಾ ಅಂತ ಇನ್ನೊಂದು ಪ್ರಶ್ನೆ. ಅದಾದ ಮೇಲೆ ದನಿ ಮೆತ್ತಗಾಗುತ್ತಿತ್ತು. ಕೊಪ್ಪದ ಕಡೆಯ ಒಬ್ಬರು ಅಮ್ಮ ಹೇಳಿದ್ದು ಮರೆಯುವುದಿಲ್ಲ: ‘ಕಾರ್ಡು ಅವರ ಹೆಸರಿಗೆ ಬಂದದೆ. ಲೆಕ್ಕ ಬರೆಯೋದು ನಾನು. ನಾನು ತುಂಬಿದ್ರೆ ಆಗ್ತದಾ?’ ಖಂಡಿತ ಆಗುತ್ತದೆ ಅಂದೆ. ಆಮೇಲೆ ಹಾಕಿದ ಎಲ್ಲ ಕಾರ್ಡಿನಲ್ಲೂ ‘ಮನೆಯಲ್ಲಿ ಲೆಕ್ಕ ನೋಡುವವರು ಯಾರಾದರೂ ತುಂಬಬಹುದು’ ಅಂತ ಸೇರಿಸಿದೆ. ಔಷಧಿಗೆ ಕಲಸುವ ಮೈಲುತುತ್ತ ಎಷ್ಟು ಕೆಜಿ ಬಂತು, ಔಷಧಿ ಹೊಡೆದವರಿಗೆ ಎಷ್ಟು ಕೊಟ್ಟೆವು, ದೋಟಿ ಬಾಡಿಗೆ ಎಷ್ಟು ಅನ್ನುವ ಚೀಟಿಗಳು ಎಷ್ಟೋ ಮನೆಗಳಲ್ಲಿ ಹೆಂಗಸರ ಹತ್ತಿರ ಇರುತ್ತವೆ. ಇದು ತಡವಾಗಿ ತಿಳಿಯಿತು.

ಮುನ್ಸೂಚನೆಯಿಂದ ಇನ್ನೂ ಒಂದು ಲಾಭ ಆಯ್ತು. ತಪ್ಪು ವಿಳಾಸ ಕವರ್ ಹೋಗುವ ಮೊದಲೇ ಸಿಕ್ಕಿತು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಾರೆ, ಮನೆ ಹೆಸರು ಬರೆಯದಿದ್ದರೆ ಪೋಸ್ಟಿನವರಿಗೂ ಗೊತ್ತಾಗಲ್ಲ. 14 ವಿಳಾಸ ಹೀಗೆ ಸರಿ ಮಾಡಿದೆ. ಹಳ್ಳಿಯ ಶಾಖಾ ಅಂಚೆ ಕಚೇರಿಯವರನ್ನು ಪರಿಚಯ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಯಾರ ಮನೆಯವರು ಬೆಂಗಳೂರು ಸೇರಿದ್ದಾರೆ, ಯಾರು ತೀರಿಕೊಂಡಿದ್ದಾರೆ ಎಲ್ಲ ಅವರಿಗೆ ಗೊತ್ತು. ತೀರಿಕೊಂಡವರ ಹೆಸರಿಗೆ ಕಾರ್ಡು ಹೋದರೆ ಮನೆಯವರಿಗೆ ಎಷ್ಟು ನೋವು ಆಗುತ್ತದೆ ನೋಡಿ. ನನ್ನಿಂದ ಎರಡು ಹಾಗೆ ಹೋಗಿದ್ದವು. ಫೋನ್ ಮಾಡಿ ಕ್ಷಮೆ ಕೇಳಿದೆ.

ಒಂದು ಕಡೆ ಎಲ್ಲ ತಲೆಕೆಳಗಾಯಿತು. ಒಂದು ಸೊಸೈಟಿಯ ವ್ಯಾಪ್ತಿಗೆ ಹೋಗುವ ರಸ್ತೆಯಲ್ಲಿ ಧರೆ ಕುಸಿದು ಬಸ್ ನಿಂತಿತ್ತು. ಟಪಾಲು ಕೆಳಗೇ ಉಳಿಯಿತು. ರಸ್ತೆ ತೆರೆದಾಗ ಕಾರ್ಡು, ಕವರ್ ಎರಡೂ ಒಂದೇ ದಿನ ಮನೆ ತಲುಪಿದವು. ಮಹಾಸಭೆಗೂ ಆ ಕಡೆಯ ಜನ ಸರಿಯಾಗಿ ಬರಲಾಗಲಿಲ್ಲ. ಉಳಿದ ಮೂರು ಕಡೆ 60ಕ್ಕೆ 46, 43, 45 ಉತ್ತರ ಬಂದರೆ ಅಲ್ಲಿ ಬಂದದ್ದು 24. ಇದು ಪ್ರಯೋಗ ಅಲ್ಲ, ಹಾಗೆ ಹೇಳಿಕೊಳ್ಳಲೂ ಬಾರದು. ಜುಲೈಗೆ ಹೋಲಿಸಿದರೆ ನಾನು ಪ್ರಶ್ನೆ ಕಡಿಮೆ ಮಾಡಿದ್ದೆ, ತಿಂಗಳು ಬದಲಿಸಿದ್ದೆ, ಪದ ಬದಲಿಸಿದ್ದೆ. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲಾಗದು. ಆದರೂ ಆ 24 ನನ್ನ ಕಣ್ಣ ಮುಂದೆ ಇದೆ. ಅಲ್ಲಿಗೂ ಅದೇ 24 ಪ್ರಶ್ನೆಯ ಹಾಳೆ, ಅದೇ ಹಳದಿ ಕವರ್ ಹೋಗಿತ್ತು. ಯೋಚಿಸಲು ಒಂದು ವಾರ ಮಾತ್ರ ಅವರಿಗೆ ಸಿಗಲಿಲ್ಲ.

ಒಟ್ಟು 158 ಬಂತು, 240ಕ್ಕೆ. ಇದರಲ್ಲಿ ಮೊದಲ ಎರಡು ವಾರಕ್ಕೆ ಬಂದದ್ದು 97. ಉಳಿದವು ನೆನಪಿನ ಕಾರ್ಡು ಹಾಕಿ, ಕೆಲವರಿಗೆ ಪ್ರಶ್ನಾವಳಿಯ ಇನ್ನೊಂದು ಪ್ರತಿ ಕಳಿಸಿದ ಮೇಲೆ ಬಂದವು. ‘ಕಾರ್ಡು ಹಾಕಿ ಮೊದಲೇ ತಿಳಿಸಿದ್ದೇನೆ, ಇನ್ನು ಸಾಕು’ ಅಂತ ಕೂರಬೇಡಿ. ನೆನಪು ಮಾಡುವುದೂ ಬೇಕೇ ಬೇಕು. ನಾನು ಎರಡು ಸಲಕ್ಕಿಂತ ಹೆಚ್ಚು ಮಾಡಲಿಲ್ಲ. ಮೂರನೆಯದು ಕಾಟ ಆಗುತ್ತದೆ. ಅಕ್ಟೋಬರ್ 3ಕ್ಕೆ ನವರಾತ್ರಿ ಶುರುವಾಯಿತು, ಅದಾದ ಮೇಲೆ ಕೊಯ್ಲು. ಅಡಿಕೆ ಸುಲಿಯುವ ಮನೆಗೆ ರಾತ್ರಿ ಹನ್ನೊಂದಾದರೂ ಬಿಡುವಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ಗೂಗಲ್ ಫಾರ್ಮ್ ಯಾಕೆ ಮಾಡಲಿಲ್ಲ ಅಂತ ಕೇಳುವವರಿಗೆ: ಮಾಡಿದ್ದೆ. ಒಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿಸಿದೆ. ಆರು ಜನ ತುಂಬಿದರು. ಒಬ್ಬರು ಅದರ ಕೆಳಗೆ ‘ಯಾರೂ ಒತ್ತಬೇಡಿ, ದುಡ್ಡು ಹೋಗುತ್ತೆ’ ಅಂತ ಬರೆದರು. ಅವರ ತಪ್ಪಿಲ್ಲ. ಒಂದು ಲಿಂಕ್ ಒತ್ತಿ ಖಾತೆ ಖಾಲಿಯಾದ ಸುದ್ದಿ ವಾರಕ್ಕೊಂದು ಬರುತ್ತಿರುವಾಗ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಎಲ್ಲ ಕಡೆ ಹೇಳುತ್ತಿರುವಾಗ, ಗುರುತಿಲ್ಲದ ಲಿಂಕ್ ಒತ್ತದೆ ಇರುವುದೇ ಜಾಣತನ. ಲಿಂಕ್ ಕಳಿಸಲೇಬೇಕಾದರೆ ಅವರಿಗೆ ಗೊತ್ತಿರುವವರು ಮೊದಲು ಮಾತಾಡಿ ಹೇಳಿರಬೇಕು. ಇದು ನನ್ನ ಅನಿಸಿಕೆ.

2025ರ ಎರಡನೇ ಸುತ್ತು ಸುಲಭ ಅಂದುಕೊಂಡಿದ್ದೆ. ಈಗ ನನ್ನ ಗುರುತಿದೆ, ಕೇಳಬೇಕಾದವರು 158 ಮನೆಯವರು ಮಾತ್ರ. ಗಣೇಶ ಹಬ್ಬ ಆಗಸ್ಟ್ 27ಕ್ಕೇ ಮುಗಿದಿತ್ತು. ಸೆಪ್ಟೆಂಬರ್ ಮೊದಲ ವಾರ ಕಾರ್ಡು, ಎರಡನೇ ವಾರ ಕವರ್ ಹೋಯಿತು. ಉತ್ತರ ಬರುವುದಕ್ಕೂ ಶುರುವಾಯಿತು.

ಅಷ್ಟರಲ್ಲಿ ಸೆಪ್ಟೆಂಬರ್ 22ಕ್ಕೆ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆಗೆ, 60 ಪ್ರಶ್ನೆ. ನನಗೆ ಬರುತ್ತಿದ್ದ ಕವರ್ ನಿಂತೇ ಹೋಯಿತು. ಫೋನ್ ಮಾಡಿದವರು ಹೇಳಿದ್ದು: ‘ಮೊನ್ನೆ ಮೇಷ್ಟ್ರು ಬಂದು ಎಲ್ಲ ಬರೆದುಕೊಂಡು ಹೋದ್ರಲ್ಲ, ಮತ್ತೆ ನಿಮಗೆ ಯಾಕೆ?’ ಎರಡೂ ಒಂದೇ ಅಂದುಕೊಂಡಿದ್ದರು. ಇನ್ನು ಕೆಲವರು ನನಗೆ ತುಂಬಿ ಕಳಿಸಿದ್ದನ್ನೇ ಸರ್ಕಾರಕ್ಕೆ ಕೊಟ್ಟ ಹಾಗೆ ಆಯ್ತು ಅಂತ ಮೇಷ್ಟ್ರಿಗೆ ಹೇಳಿ ಕಳಿಸಿದ್ದರು. ಅದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ಆ ಮೇಷ್ಟ್ರ ಕಷ್ಟ ನನಗೆ ಅರ್ಥ ಆಗುತ್ತದೆ. ನೆಟ್‌ವರ್ಕ್ ಇಲ್ಲದ ಗುಡ್ಡ ಹತ್ತಿ ಅವರು ಹೋಗಿದ್ದು.

ಆ ಸಮೀಕ್ಷೆಯಲ್ಲೂ ಮುನ್ಸೂಚನೆ ಇತ್ತು. ಮೊದಲೇ ಮೀಟರ್ ರೀಡರ್‌ಗಳು ಬಂದು ಮನೆ ಬಾಗಿಲಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಆದರೆ ಸ್ಟಿಕ್ಕರ್ ನೋಡಿದ ಎಷ್ಟೋ ಜನಕ್ಕೆ ಅದು ಕರೆಂಟ್ ಬಿಲ್ಲಿನದು ಅನಿಸಿತ್ತು. ನಾನು ಮಾತಾಡಿಸಿದವರಲ್ಲಿ, ಯಾರು ಯಾಕೆ ಬರುತ್ತಾರೆ ಅಂತ ಬಾಯಿಬಿಟ್ಟು ಕೇಳಿ ತಿಳಿದಿದ್ದವರು ರೇಷನ್ ಕಾರ್ಡು, ಆಧಾರ್ ಎಲ್ಲ ತೆಗೆದಿಟ್ಟುಕೊಂಡು ಕೂತಿದ್ದರು. ಗೊತ್ತಿಲ್ಲದವರು ಬಾಗಿಲಲ್ಲೇ ಜಗಳಕ್ಕೆ ನಿಂತಿದ್ದರು.

ನಾನು ನೆನಪಿನ ಕಾರ್ಡು ಹೊಸದಾಗಿ ಬರೆದೆ. ಸಮಿತಿಗೆ ತುರ್ತು ತಿದ್ದುಪಡಿ ಕೊಟ್ಟೆ, ಚಿಕ್ಕ ಬದಲಾವಣೆ ಅಂತ ಅಧ್ಯಕ್ಷರು ಎರಡೇ ದಿನಕ್ಕೆ ಒಪ್ಪಿದರು. ಮೊದಲ ಸಾಲು ಹೀಗಿತ್ತು: ‘ಇದು ಸರ್ಕಾರದ ಸಮೀಕ್ಷೆ ಅಲ್ಲ. ಅದಕ್ಕೆ ಮೇಷ್ಟ್ರು ಬಂದಾಗ ಬೇರೆಯಾಗಿ ಉತ್ತರಿಸಿ. ಇದು ಕಳೆದ ವರ್ಷ ನೀವು ತುಂಬಿ ಕಳಿಸಿದ ಎಲೆಚುಕ್ಕೆ ರೋಗದ ಹಳದಿ ಕವರ್.’ ವಿಜಯದಶಮಿ ಮುಗಿದ ಮೇಲೆ ಕವರ್ ಮತ್ತೆ ಬರುವುದಕ್ಕೆ ಹತ್ತಿದವು. ಕೊನೆಗೆ 158ಕ್ಕೆ 139.

ಅದರ ನಡುವೆ ಒಂದು ದಿನ ಶೃಂಗೇರಿ ಹತ್ತಿರದ ಒಂದು ಮನೆಗೆ ಹೋದೆ. ಉತ್ತರ ಬಂದಿತ್ತು, ಒಂದು ಅಂಕಿ ಓದಲಾಗುತ್ತಿರಲಿಲ್ಲ, ಕೇಳಿ ಬರೋಣ ಅಂತ. ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟಕ್ಕೆ ಕಂಬ ನೆಡುತ್ತಿದ್ದರು. ಅಜ್ಜಿ ಒಳಗೆ ಕರೆದು ಕಷಾಯ ಕೊಟ್ಟರು. ಅಡುಗೆಮನೆ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗು ಹಾಕಿದ ಮೊಳೆ. ಅದಕ್ಕೇ ನನ್ನ ಎರಡೂ ಕಾರ್ಡು ಚುಚ್ಚಿಟ್ಟಿದ್ದರು. ಹೋದ ವರ್ಷದ್ದು ಹೊಗೆಗೆ ಕಂದಾಗಿತ್ತು. ಮೈಲುತುತ್ತ ತಂದ ದಿನ, ಕೆಜಿ, ರೇಟು ಎಲ್ಲ ಈ ವರ್ಷದ ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಕವರ್ ಬಂದಾಗ ಹುಡುಕುವುದು ಬೇಡ ಅಂತ. ಕಾರ್ಡು ಬಂದರೆ ಕವರ್ ಬರುತ್ತದೆ ಅನ್ನುವುದು ಅವರಿಗೆ ರೂಢಿ ಆಗಿತ್ತು. ನಾನು ಕೇಳಲು ಹೋಗಿದ್ದ ಅಂಕಿ ಅಲ್ಲೇ ಇತ್ತು.

ಖರ್ಚು ಕೇಳುವವರಿಗೆ: ಎರಡೂ ವರ್ಷ ಸೇರಿ ನೆನಪಿನ ಕಾರ್ಡೂ ಸೇರಿ ಕಾರ್ಡಿಗೆ 300 ರೂಪಾಯಿಯ ಒಳಗೆ. ಹಾಳೆ ಎರಡಕ್ಕೆ ಇಳಿಸಿದ ಮೇಲೆ ಕವರ್ ಹೋಗುವುದಕ್ಕೆ 10, ವಾಪಸ್ ಬರುವುದಕ್ಕೆ 5. ಮೊದಲ ವರ್ಷ 240ಕ್ಕೆ 3600, ಎರಡನೇ ವರ್ಷ 158ಕ್ಕೆ 2370, ಎರಡನೇ ಪ್ರತಿ ಕಳಿಸಿದ್ದು ಬೇರೆ. ಕಳಿಸುವ ಮೊದಲು ಒಂದು ಕವರ್ ಪೂರ್ತಿ ತುಂಬಿ ಅಂಚೆ ಕಚೇರಿಯ ತಕ್ಕಡಿಯಲ್ಲಿ ತೂಗಿಸಿ ನೋಡಿ. ಸ್ಟ್ಯಾಂಪ್ ಕಮ್ಮಿಯಾದರೆ ಪಡೆದವರು ದಂಡ ಕಟ್ಟಬೇಕಾಗುತ್ತದೆ. ಬಸ್ಸು, ಝೆರಾಕ್ಸು, ಸಿಮ್ಮು ಸೇರಿಸಿದರೆ ಇನ್ನೂ ಆರೇಳು ಸಾವಿರ. ಫೆಲೋಶಿಪ್ ತಡವಾಗಿ ಬಂದ ತಿಂಗಳುಗಳಲ್ಲಿ ಅಣ್ಣನ ಹತ್ತಿರ ತೆಗೆದುಕೊಂಡೆ.

ಈಗ ಮತ್ತೆ ಕಾರ್ಡು ಬರೆಯುತ್ತಿದ್ದೇನೆ. ಮಹಾಸಭೆಯಲ್ಲಿ ಆ ಹಿರಿಯರಿಗೆ ಕೊಟ್ಟ ಮಾತಿದೆಯಲ್ಲ. ಈ ಕಾರ್ಡಿನ ಒಕ್ಕಣೆಗೂ ಸಮಿತಿಯ ಒಪ್ಪಿಗೆ ಆಗಿದೆ. ಸರಾಸರಿ ಒಂದು ಮನೆಗೆ ಔಷಧಿ ಖರ್ಚು ಎಷ್ಟು ಏರಿದೆ, ಎಷ್ಟು ಮನೆಯವರು ಈ ವರ್ಷ ಎರಡು ಸಲದ ಬದಲು ಮೂರು ಸಲ ಹೊಡೆದಿದ್ದಾರೆ ಅನ್ನುವ ನಾಲ್ಕು ಸಾಲು. ಉತ್ತರ ಕೊಡದವರಿಗೂ ಸೇರಿಸಿ 240 ಮನೆಗೂ ಹೋಗುತ್ತದೆ. ನಿನ್ನೆ ರಾತ್ರಿಗೆ 90 ಆಯ್ತು. ಧರೆ ಕುಸಿದ ಆ ಊರಿನ ಕಾರ್ಡುಗಳನ್ನು ಮೊದಲು ಬರೆದಿದ್ದೇನೆ, ಈ ಸಲ ಅವರಿಗೇ ಮೊದಲು ತಲುಪಲಿ ಅಂತ. ನಾಳೆ ಬೆಳಿಗ್ಗೆ ಅಷ್ಟನ್ನು ಡಬ್ಬಿಗೆ ಹಾಕಿ ಬರುತ್ತೇನೆ.